ಓದುಗರ ಪ್ರಶ್ನೆ: ಪರಿಕಲ್ಪನಾ ನಕ್ಷೆಯಲ್ಲಿ ಗೆರೆಯ ಮೇಲೇನು ಬರೆಯಬೇಕು?

ಪ್ರಶ್ನೆ: ನಾನು ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳಿಗೆ ವಿಜ್ಞಾನ ಕಲಿಸುತ್ತೇನೆ. ಪಾಠ ಮುಗಿದ ಮೇಲೆ ಪ್ರಶ್ನೋತ್ತರ ಬರೆಸುವ ಬದಲು, ಆನ್‌ಲೈನ್ ಉಪಕರಣವೊಂದರಲ್ಲಿ ಪರಿಕಲ್ಪನಾ ನಕ್ಷೆ ಮಾಡಿಕೊಂಡು ಬರುವಂತೆ ಮಕ್ಕಳಿಗೆ ಅಸೈನ್‌ಮೆಂಟ್ ಕೊಟ್ಟೆ. ಬಂದ ನಕ್ಷೆಗಳಲ್ಲಿ ಬಣ್ಣ, ಚಿತ್ರ, ಬಾಣ ಎಲ್ಲವೂ ಇದ್ದವು. ಆದರೆ ಮಗುವಿಗೆ ಪಾಠ ಅರ್ಥವಾಗಿದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯಲಿಲ್ಲ. ತಪ್ಪು ಉಪಕರಣದ್ದೋ, ನಾನು ಕೆಲಸ ಕೊಟ್ಟ ರೀತಿಯದ್ದೋ?

ಉತ್ತರ: ನಕ್ಷೆಗಳನ್ನು ನಾನು ನೋಡಿಲ್ಲವಾದರೂ, ಅವುಗಳಲ್ಲಿ ಗೆರೆಗಳ ಮೇಲೆ ಮಾತುಗಳಿರಲಿಲ್ಲವೆಂದು ಊಹಿಸುತ್ತೇನೆ. ಒಂದು ಪದವನ್ನು ನಡುವೆ ಇಟ್ಟು, ಅದರ ಸುತ್ತ ಕೊಂಬೆಗಳಂತೆ ಬೇರೆ ಪದಗಳನ್ನು ಹರಡಿದರೆ ಅದು ಮೈಂಡ್ ಮ್ಯಾಪ್. ಓದಿದ್ದನ್ನು ನೆನಪಿಗೆ ತಂದುಕೊಳ್ಳಲು, ಪ್ರಬಂಧ ಬರೆಯುವ ಮೊದಲು ವಿಚಾರಗಳನ್ನು ಕೂಡಿಹಾಕಲು ಅದು ಒಳ್ಳೆಯದೇ. ಪರಿಕಲ್ಪನಾ ನಕ್ಷೆಯ ಬಗೆ ಬೇರೆ. ಅದರಲ್ಲಿ ಒಂದೊಂದು ಪರಿಕಲ್ಪನೆಯನ್ನು ಒಂದೊಂದು ಚೌಕದಲ್ಲಿ ಬರೆಯುತ್ತೇವೆ; ಎರಡು ಚೌಕಗಳನ್ನು ಕೂಡಿಸುವ ಪ್ರತಿಯೊಂದು ಗೆರೆಯ ಮೇಲೂ ಅವುಗಳ ಸಂಬಂಧವನ್ನು ಹೇಳುವ ಮಾತು ಇರಲೇಬೇಕು. ಮೊದಲ ಚೌಕ, ಗೆರೆಯ ಮೇಲಿನ ಮಾತು, ಎರಡನೆಯ ಚೌಕ ಇವನ್ನು ಸಾಲಾಗಿ ಓದಿದಾಗ, ಸರಿ ಅಥವಾ ತಪ್ಪು ಎಂದು ನಾವು ಹೇಳಬಹುದಾದ ಒಂದು ವಾಕ್ಯ ಸಿಗಬೇಕು.

ಈ ವಿಧಾನ ಹುಟ್ಟಿದ್ದೇ ಮಕ್ಕಳ ತಿಳಿವಳಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕಾಗಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು, ವಿಜ್ಞಾನದ ವಿಷಯಗಳನ್ನು ಮಕ್ಕಳು ಅರ್ಥಮಾಡಿಕೊಳ್ಳುವ ರೀತಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂದು ತಿಳಿಯಲು, ಮಕ್ಕಳನ್ನು ಮಾತಾಡಿಸಿ ಬರೆದಿಟ್ಟುಕೊಳ್ಳುತ್ತಿದ್ದರು. ಪುಟಗಟ್ಟಲೆ ಮಾತಿನಲ್ಲಿ ಯಾವ ತಿಳಿವಳಿಕೆ ಎಲ್ಲಿ ಬದಲಾಯಿತೆಂದು ಗುರುತಿಸುವುದು ಕಷ್ಟವಾದಾಗ, 1972ರಲ್ಲಿ ಅವರು ಆ ಮಾತುಗಳನ್ನೇ ಚೌಕ ಮತ್ತು ಗೆರೆಗಳಲ್ಲಿ ಬರೆಯತೊಡಗಿದರು. ಕಲಿಯುವವರಿಗೆ ಆಗಲೇ ಏನು ಗೊತ್ತಿದೆ ಎಂಬುದರ ಮೇಲೆಯೇ ಹೊಸ ಕಲಿಕೆ ನಿಲ್ಲುತ್ತದೆ ಎಂಬ ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ ಅವರ ಸಿದ್ಧಾಂತ ಈ ಕೆಲಸದ ಬುನಾದಿಯಾಗಿತ್ತು.

ಗೆರೆಯ ಮೇಲಿನ ಮಾತು ಏನು ಮಾಡುತ್ತದೆಂಬುದನ್ನು ಜಲಚಕ್ರದ ಪಾಠದಲ್ಲೇ ನೋಡಬಹುದು. 'ನೀರಾವಿ' ಮತ್ತು 'ಮೋಡ' ಎಂಬ ಚೌಕಗಳ ನಡುವೆ ಬರಿಯ ಬಾಣವಿದ್ದರೆ ನಾವೆಲ್ಲ ಸರಿ ಎಂದು ಗುರುತು ಹಾಕಿ ಮುಂದೆ ಹೋಗುತ್ತೇವೆ. ಅದೇ ಬಾಣದ ಮೇಲೆ ಏನಾದರೂ ಬರೆಯಲೇಬೇಕೆಂದು ಹೇಳಿದಾಗ, ಒಬ್ಬಳು 'ತಣಿದು ಹನಿಗಟ್ಟಿದಾಗ ಆಗುವುದು' ಎಂದು ಬರೆಯುತ್ತಾಳೆ. ಇನ್ನೊಬ್ಬ 'ಒಂದೆಡೆ ಸೇರಿದಾಗ ಆಗುವುದು' ಎಂದು ಬರೆಯುತ್ತಾನೆ. ಎರಡನೆಯವನ ಮನಸ್ಸಿನಲ್ಲಿ ಮೋಡವೆಂದರೆ ಒತ್ತಾಗಿ ಕೂಡಿದ ಆವಿ. ನೀರಾವಿ ಕಣ್ಣಿಗೆ ಕಾಣುವುದೇ ಇಲ್ಲ, ಮೋಡವಾಗಿ ಕಾಣುವುದು ಸಣ್ಣ ಸಣ್ಣ ನೀರಹನಿಗಳು ಮತ್ತು ಮಂಜಿನ ಹರಳುಗಳು ಎಂಬ ಸಂಗತಿ ಅವನನ್ನು ತಲುಪಿಲ್ಲ. ಬರಿಯ ಬಾಣ ಈ ಇಬ್ಬರನ್ನೂ ಒಂದೇ ಸಮ ಮಾಡಿಬಿಡುತ್ತಿತ್ತು.

ಆದ್ದರಿಂದ ಗೆರೆಯ ಮೇಲೆಯೇ ಬರೆಯಲು ಬಿಡುವ, ಚೌಕವನ್ನು ಸರಿಸಿದರೆ ಗೆರೆಯೂ ಮಾತೂ ಒಟ್ಟಿಗೆ ಸರಿಯುವ ಉಪಕರಣವನ್ನೇ ಆರಿಸಿಕೊಳ್ಳಿ. ಡ್ರಾ.ಐಒ ಎಂಬ ಉಚಿತ ಉಪಕರಣದಲ್ಲಿ ಖಾತೆ ತೆರೆಯದೆಯೇ ಇದು ಸಾಧ್ಯ. ಗೆರೆಯನ್ನು ಎರಡು ಬಾರಿ ಕ್ಲಿಕ್ ಮಾಡಿದರೆ ಬರೆಯಲು ಜಾಗ ತೆರೆದುಕೊಳ್ಳುತ್ತದೆ. ಫ್ಲಾರಿಡಾದ ಐಎಚ್‌ಎಂಸಿ ಎಂಬ ಸಂಶೋಧನಾ ಸಂಸ್ಥೆ ನೊವಾಕ್ ಅವರ ವಿಧಾನಕ್ಕೆಂದೇ ರೂಪಿಸಿದ ಸಿಮ್ಯಾಪ್ ಎಂಬ ಉಪಕರಣದಲ್ಲಿ, ಒಂದು ಚೌಕದಿಂದ ಇನ್ನೊಂದಕ್ಕೆ ಬಾಣ ಎಳೆದೊಡನೆ ನಡುವೆ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ಮಗು ಅಲ್ಲಿ ಏನನ್ನಾದರೂ ಬರೆಯುವವರೆಗೂ ಅವು ಹಾಗೆಯೇ ಕುಳಿತಿರುತ್ತವೆ. ಈ ಸಣ್ಣ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು. ಗೆರೆ ಬೇರೆ, ಪಠ್ಯ ಬೇರೆ ಆಗಿರುವ ಚಿತ್ರ ಬಿಡಿಸುವ ಉಪಕರಣಗಳಲ್ಲಿ, ಚೌಕವನ್ನು ಎಳೆದಾಗ ಮಾತು ಹಿಂದೆಯೇ ಉಳಿದುಬಿಡುತ್ತದೆ. ಎರಡು ಸಲ ಹಾಗಾದರೆ ಮಕ್ಕಳು ಮಾತು ಬರೆಯುವುದನ್ನೇ ಬಿಟ್ಟುಬಿಡುತ್ತಾರೆ.

ಕೆಲಸ ಕೊಡುವ ರೀತಿಯಲ್ಲಿಯೂ ಒಂದು ಬದಲಾವಣೆ ಬೇಕು. 'ಜಲಚಕ್ರ' ಎಂದು ಪಾಠದ ಹೆಸರನ್ನಷ್ಟೇ ಕೊಟ್ಟರೆ ಪುಸ್ತಕದ ಚಿತ್ರವೇ ನಕಲಾಗಿ ಬರುತ್ತದೆ. 'ಸಮುದ್ರದ ನೀರು ಉಪ್ಪಾಗಿದ್ದರೂ ಮಳೆಯ ನೀರು ಏಕೆ ಉಪ್ಪಾಗಿರುವುದಿಲ್ಲ?' ಎಂದು ಕೇಳಿ, ಆ ಪ್ರಶ್ನೆಯನ್ನು ನಕ್ಷೆಯ ತಲೆಯ ಮೇಲೆ ಬರೆಸಿ. ಜೊತೆಗೆ 15ರಿಂದ 25ರ ಒಳಗೆ ಪದಗಳನ್ನು ಆರಿಸಿ, ಹಾಳೆಯ ಒಂದು ಬದಿಯಲ್ಲಿ ಸಾಲಾಗಿ ಇಟ್ಟುಕೊಡಿ. ಮಕ್ಕಳು ಅಲ್ಲಿಂದ ಒಂದೊಂದನ್ನೇ ಎಳೆದು ಜಾಗಕ್ಕೆ ಕೂರಿಸಲಿ; ಯಾವ ಪದ ಕೊನೆಯವರೆಗೂ ಬದಿಯಲ್ಲೇ ಉಳಿಯಿತೆಂಬುದು ಮರುದಿನದ ಪಾಠವನ್ನು ಎಲ್ಲಿಂದ ಶುರುಮಾಡಬೇಕೆಂದು ನಿಮಗೆ ಹೇಳುತ್ತದೆ. ಮೊದಲ ನಕ್ಷೆಗೆ ಮಾತ್ರ ಎಂಟು ಹತ್ತು ಪದಗಳು ಸಾಕು.

ಪ್ರಶ್ನೆ: ಇಂಗ್ಲಿಷ್ ಮಾದರಿಗಳನ್ನು ನೋಡಿ ಕನ್ನಡದಲ್ಲಿ ನಕ್ಷೆ ಮಾಡಿಸಲು ಹೊರಟರೆ, ಗೆರೆಯ ಮೇಲಿನ ಪದ ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಓದಿದರೆ ವಾಕ್ಯ ಸೊಟ್ಟಗಾಗುತ್ತದೆ. ಇದಕ್ಕೆ ದಾರಿಯಿದೆಯೇ?

ಉತ್ತರ: ಇದೆ. ಈ ತೊಡಕಿಗೆ ಕಾರಣ ನಮ್ಮ ವಾಕ್ಯದ ಕಟ್ಟು. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃ ಮತ್ತು ಕರ್ಮಗಳ ನಡುವೆ ಬರುವುದರಿಂದ ಅದು ಗೆರೆಯ ಮೇಲೆ ತಾನಾಗಿ ಕೂರುತ್ತದೆ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ. 'ಹಸಿರೆಲೆ ಪಿಷ್ಟವನ್ನು ತಯಾರಿಸುತ್ತದೆ' ಎಂಬುದನ್ನು ಹಾಗೆಯೇ ಚೌಕಗಳಿಗೆ ಹಂಚಿದರೆ 'ಹಸಿರೆಲೆ, ತಯಾರಿಸುತ್ತದೆ, ಪಿಷ್ಟ' ಎಂದಾಗಿ ಓದುವ ನಾಲಿಗೆ ತಡವರಿಸುತ್ತದೆ. ಆದರೆ 'ಅವನು ಕೇಳಿದ್ದು ಪುಸ್ತಕ', 'ನನಗೆ ಬೇಕಾದದ್ದು ನೀರು' ಎಂದು ನಾವು ದಿನವೂ ಆಡುತ್ತೇವಲ್ಲ, ಆ ರೂಪ ಇಂಥ ಗೆರೆಗೆಂದೇ ಮಾಡಿಟ್ಟಂತಿದೆ. 'ಹಸಿರೆಲೆ ತಯಾರಿಸುವುದು ಪಿಷ್ಟ' ಎಂದು ಬರೆಸಿ ನೋಡಿ. ಕನ್ನಡವೂ ಸರಿಯಾಯಿತು, ಅರ್ಥವೂ ನೆಟ್ಟಗೆ ನಿಂತಿತು.

ವಿಭಕ್ತಿಯನ್ನು ಎಲ್ಲಿ ಬರೆಯಬೇಕೆಂಬುದು ಎರಡನೆಯ ತೊಡಕು. ಚೌಕದೊಳಗೆ 'ಸಸ್ಯಕ್ಕೆ' ಎಂದು ಬರೆದರೆ, ಅದೇ ಚೌಕದಿಂದ ಹೊರಡುವ ಬೇರೆ ಗೆರೆಗೆ ಅದು ಹೊಂದುವುದಿಲ್ಲ. ಆದ್ದರಿಂದ ಚೌಕದಲ್ಲಿ ಪದ ಬರಿದಾಗಿಯೇ ಇರಲಿ, ವಿಭಕ್ತಿ ಗೆರೆಯ ಮೇಲೆ 'ಇದಕ್ಕೆ', 'ಇದರಿಂದ', 'ಇದರಲ್ಲಿ' ಎಂಬ ರೂಪದಲ್ಲಿ ಬರಲಿ. 'ಸಸ್ಯ: ಇದಕ್ಕೆ ಬೇಕಾದದ್ದು: ಬೆಳಕು' ಎಂದು ಒಂದು ಗೆರೆಯಾದರೆ, ಅದೇ ಬೆಳಕಿನಿಂದ 'ಇದರಿಂದ ದೊರೆಯುವುದು: ಶಕ್ತಿ' ಎಂದು ಇನ್ನೊಂದು ಹೊರಡುತ್ತದೆ. 'ಪತ್ರಹರಿತ್ತು: ಇಲ್ಲದಿದ್ದರೆ ನಡೆಯದು: ದ್ಯುತಿಸಂಶ್ಲೇಷಣೆ' ಎಂಬಂಥ ಗೆರೆಯನ್ನು ಮಗು ತಾನಾಗಿ ಬರೆದ ದಿನ, ಪಾಠ ಅದಕ್ಕೆ ದಕ್ಕಿದೆ ಎಂದು ನಂಬಬಹುದು, ಏಕೆಂದರೆ ಇಂಥ ವಾಕ್ಯ ಪಾಠದಲ್ಲಿ ಸಿದ್ಧವಾಗಿ ಸಿಗುವುದು ಕಡಿಮೆ. 'ಸಂಬಂಧಿಸಿದ್ದು' ಎಂಬ ಪದವನ್ನು ಮಾತ್ರ ಗೆರೆಯ ಮೇಲೆ ಬರೆಯಲು ಖಂಡಿತ ಬಿಡಬೇಡಿ. ಯಾವ ಎರಡು ಚೌಕಗಳ ನಡುವೆ ಹಾಕಿದರೂ ಅದು ತಪ್ಪಾಗುವುದಿಲ್ಲ. ಅದರಿಂದ ಏನೂ ತಿಳಿಯುವುದೂ ಇಲ್ಲ.

ಇನ್ನೊಂದು ಮಾತು. ನಕ್ಷೆಯನ್ನು ಪಿಡಿಎಫ್ ಆಗಿ ಇಳಿಸಿಕೊಂಡಾಗ ಒತ್ತಕ್ಷರಗಳು ಒಡೆದಿವೆಯೇ ಎಂದು ಸಲ್ಲಿಸುವ ಮೊದಲು ನೋಡಿಕೊಳ್ಳಲು ಮಕ್ಕಳಿಗೆ ಹೇಳಿ. ಒಡೆದಿದ್ದರೆ ಚಿತ್ರದ ರೂಪದಲ್ಲಿ ಇಳಿಸಿಕೊಳ್ಳಬಹುದು.

ಪ್ರಶ್ನೆ: ನಕ್ಷೆಗೆ ಅಂಕ ಕೊಡುವುದು ಹೇಗೆ? ಪ್ರತಿಯೊಂದೂ ಬೇರೆ ಬೇರೆಯಾಗಿರುತ್ತದೆ, ಇದೇ ಸರಿಯುತ್ತರ ಎಂಬುದೇ ಇರುವುದಿಲ್ಲ.

ಉತ್ತರ: ನೊವಾಕ್ ಮತ್ತು ಅವರ ಸಹಲೇಖಕ ಬಾಬ್ ಗೋವಿನ್ 1984ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ: ಸರಿಯಾದ ಪ್ರತಿ ವಾಕ್ಯಕ್ಕೆ 1, ಸಾಮಾನ್ಯದಿಂದ ವಿಶೇಷಕ್ಕೆ ಇಳಿಯುವ ಪ್ರತಿ ಹಂತಕ್ಕೆ 5, ನಕ್ಷೆಯ ಒಂದು ಭಾಗವನ್ನು ದೂರದ ಇನ್ನೊಂದು ಭಾಗಕ್ಕೆ ಅರ್ಥಪೂರ್ಣವಾಗಿ ಸೇರಿಸುವ ಅಡ್ಡಗೆರೆಗೆ 10, ಮಗು ಕೊಟ್ಟ ಪ್ರತಿ ಉದಾಹರಣೆಗೂ 1 ಅಂಕ. ಅಡ್ಡಗೆರೆಗೆ ಅಷ್ಟು ತೂಕ ಕೊಟ್ಟಿರುವುದು ನ್ಯಾಯವೇ. ದ್ಯುತಿಸಂಶ್ಲೇಷಣೆಯ ಮೂಲೆಯಲ್ಲಿದ್ದ 'ಆಮ್ಲಜನಕ'ದಿಂದ ಪ್ರಾಣಿಗಳ 'ಉಸಿರಾಟ'ಕ್ಕೆ 'ಇದನ್ನು ಬಳಸಿ ನಡೆಯುವುದು' ಎಂದು ಗೆರೆ ಎಳೆದ ಮಗು, ನಾವು ಬೇರೆ ಬೇರೆ ತಿಂಗಳಲ್ಲಿ ಮಾಡಿದ ಎರಡು ಪಾಠಗಳನ್ನು ತಾನೇ ಒಂದುಗೂಡಿಸಿಕೊಂಡಿದೆ.

ಆದರೂ ಈ ಲೆಕ್ಕವನ್ನು ಮಕ್ಕಳ ಮುಂದೆ ಇಡಬೇಡಿರೆಂದು ನನ್ನ ಸಲಹೆ. ಅಂಕಕ್ಕಾಗಿ ಹಂತಗಳು ಬೆಳೆಯುತ್ತವೆ, ಅಡ್ಡಗೆರೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ, ಓದಲು ಏನೂ ಉಳಿಯುವುದಿಲ್ಲ. ಅದರ ಬದಲು ಪಾಠಕ್ಕೆ ಮೊದಲು ಒಂದು ನಕ್ಷೆ ಮಾಡಿಸಿ, ಅದರ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಪಾಠವಾದ ಮೇಲೆ ಆ ಪ್ರತಿಯನ್ನೇ ತಿದ್ದಿಸಿ. ಆನ್‌ಲೈನ್ ಉಪಕರಣ ಕಾಗದಕ್ಕಿಂತ ನಿಜವಾಗಿಯೂ ಮೇಲಾಗುವುದು ಇಲ್ಲಿಯೇ: ಅಳಿಸಿದ ಗುರುತಿಲ್ಲದೆ ತಿದ್ದಬಹುದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಯಾವ ಮೂರು ಗೆರೆಗಳನ್ನು ಏಕೆ ಬದಲಿಸಿದೆ ಎಂದು ಮಗು ನಾಲ್ಕು ಸಾಲು ಬರೆಯಲಿ. ಅರ್ಧ ಅಂಕಗಳನ್ನು ನಕ್ಷೆಯ ವಾಕ್ಯಗಳು ಸರಿಯಿರುವುದಕ್ಕೂ ಉಳಿದರ್ಧವನ್ನು ಆ ನಾಲ್ಕು ಸಾಲುಗಳಿಗೂ ಕೊಟ್ಟರೆ ಅನ್ಯಾಯವಾಗುವುದಿಲ್ಲ.

ಪ್ರಶ್ನೆ: ಗುಂಪಿನಲ್ಲಿ ಮಾಡಲು ಹೇಳಿದರೆ ಒಬ್ಬರೇ ಎಲ್ಲವನ್ನೂ ಮಾಡಿ, ಉಳಿದವರು ಹೆಸರು ಸೇರಿಸುತ್ತಾರೆ. ತಡೆಯುವುದು ಹೇಗೆ?

ಉತ್ತರ: ಒಂದು ಗುಂಪಿನಲ್ಲಿ ಮೂವರಿಗಿಂತ ಹೆಚ್ಚು ಬೇಡ. ಎಲ್ಲರಿಗೂ ತಿದ್ದುವ ಅನುಮತಿಯಿರುವ ಲಿಂಕ್ ಕೊಡಿ, ಬೇರೆ ಗುಂಪುಗಳಿಗೆ ನೋಡಲು ಮಾತ್ರ ಅನುಮತಿಯಿರಲಿ. ಇಲ್ಲದಿದ್ದರೆ ಒಬ್ಬರ ನಕ್ಷೆ ಇನ್ನೊಬ್ಬರ ಕೈಯಲ್ಲಿ ಕೆಟ್ಟು ಹೋಗುವುದುಂಟು. ಬದಲಾವಣೆಗಳ ಚರಿತ್ರೆ ಉಳಿಸುವ ಉಪಕರಣವಾದರೆ ಯಾರು ಯಾವಾಗ ಏನು ಸೇರಿಸಿದರೆಂದು ನೋಡಬಹುದು. ಆದರೆ ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಇನ್ನೊಂದು ಉಪಾಯವನ್ನು. ನಕ್ಷೆ ಸಲ್ಲಿಸಿದ ಮರುದಿನ ಅದನ್ನು ಪರದೆಯ ಮೇಲೆ ತೆರೆದು, ನಾನೇ ಆರಿಸಿದ ಒಂದು ಗೆರೆಯ ಮೇಲೆ ಬೆರಳಿಟ್ಟು, ಗುಂಪಿನಲ್ಲಿ ಯಾರನ್ನಾದರೂ ಒಬ್ಬರನ್ನು ಕರೆದು, ಆ ವಾಕ್ಯವನ್ನು ಗಟ್ಟಿಯಾಗಿ ಓದಿ ಅದು ಏಕೆ ನಿಜವೆಂದು ಹೇಳಲು ಕೇಳುತ್ತೇನೆ. ಯಾರ ಸರದಿ ಬರುವುದೆಂದು ಮೊದಲೇ ತಿಳಿಯದಿರುವುದರಿಂದ, ಹಿಂದಿನ ಸಂಜೆಯೇ ಮೂವರೂ ಕುಳಿತು ಪ್ರತಿ ಗೆರೆಯನ್ನೂ ಒಬ್ಬರಿಗೊಬ್ಬರು ವಿವರಿಸಿಕೊಂಡು ಬಂದಿರುತ್ತಾರೆ.