ದೆವ್ವದ ಕತೆ ಇರಲಿ, ನೆರೆಮನೆಯವರ ಹೆಸರು ಬೇಡ

ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಿಂದ ಶಿಕ್ಷಕಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯ ಹದಿಹರೆಯದ ಪುಟಗಳಲ್ಲಿ ನಾವು ಒಂದು ಹಾಳು ಬಾವಿಯ ಕತೆ ಹಾಕಿದ್ದೆವು. ಒಂಬತ್ತನೇ ಕ್ಲಾಸಿನ ಹುಡುಗಿಗೆ, ನೀರು ಬತ್ತಿ ಎಷ್ಟೋ ವರ್ಷವಾದ ಬಾವಿಯಿಂದ ಹಗ್ಗ ಎಳೆಯುವ ಸದ್ದು ಕೇಳುತ್ತದೆ. ಕತೆಯನ್ನು ಕ್ಲಾಸಿನಲ್ಲಿ ಓದಿದ ಮೇಲೆ ಕೆಲವು ಹುಡುಗಿಯರು ಶಾಲೆಯ ಹಿಂದಿನ ಹಳೇ ಬಾವಿಯ ಕಡೆ ಹೋಗಲು ಒಲ್ಲೆ ಅಂದರಂತೆ. ಒಬ್ಬಳು "ಇದು ಭಾನಾಮತಿ ಏನ್ರಿ ಮೇಡಂ?" ಅಂತ ಕೇಳಿದಳಂತೆ. ಶಿಕ್ಷಕಿ ಬರೆಯುತ್ತಾರೆ: "ನಮ್ಮ ಅವ್ವಂದಿರ ಕಾಲಕ್ಕ ಇದ್ದ ಅಂಜಿಕಿ ಈಗ ಕಮ್ಮಿ ಆಗ್ಯಾದ. ಅದನ್ನ ಮತ್ತ ಹೊಳ್ಳಿ ತರಬ್ಯಾಡ್ರಿ." ದೆವ್ವದ ಕತೆ ನಿಲ್ಲಿಸಿ, ನಿಲ್ಲಿಸದಿದ್ದರೆ ಕೊನೆಗೆ ದೆವ್ವ ಇರಲಿಲ್ಲ ಅಂತಲಾದರೂ ತೋರಿಸಿ, ನಮ್ಮ ಜಿಲ್ಲೆಗಳ ಊರು, ಗುಂಬಜ್‌ಗಳ ಹೆಸರು ಹಾಕಬೇಡಿ. ಇವು ಅವರ ಕೋರಿಕೆಗಳು.

ಮೇಡಂ, ನಮಸ್ಕಾರ.

ನೀವು ಭಾನಾಮತಿಯ ಹೆಸರು ತೆಗೆದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಹುಡುಗಿಯ ಪ್ರಶ್ನೆ. ಬೆಂಗಳೂರು, ಮೈಸೂರಿನ ಓದುಗರಿಗೆ ಇದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಕಲಬುರಗಿ, ಬೀದರ್ ಹಳ್ಳಿಗಳಲ್ಲಿ, ಗಡಿ ದಾಟಿದರೆ ತೆಲಂಗಾಣದ ಮೇದಕ್ ಸೀಮೆಯಲ್ಲಿ ಭಾನಾಮತಿ ಅನ್ನುವ ಮಾಟ ಅಂದರೆ ಜನ ನಿಜವಾಗಿ ನಡುಗುತ್ತಿದ್ದರು. ಮನೆಯ ಮೇಲೆ ಕಲ್ಲು ಬಿದ್ದವು ಅನ್ನುತ್ತಿದ್ದರು. ಒಣಹಾಕಿದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು, ಮೈಮೇಲೆ ಗೀರು ಎದ್ದವು ಅನ್ನುತ್ತಿದ್ದರು. ಹೆಣ್ಣುಮಕ್ಕಳು ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳುತ್ತಿದ್ದರು. ಮನೋವೈದ್ಯರು ಇಂಥ ಹಳ್ಳಿಗಳಿಗೆ ಹೋಗಿ ನೋಡಿದ್ದಾರೆ. ಬಾಯಿಬಿಟ್ಟು ಹೇಳಲಾಗದ ಸಂಕಟ ಮೈಯಲ್ಲಿ ಹೀಗೆ ಹೊರಗೆ ಬರುತ್ತದೆ, ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹಬ್ಬುತ್ತದೆ ಅಂತ ಅವರು ಬರೆದಿದ್ದಾರೆ. ಆದರೆ ಊರಿನ ಜನ ಕೇಳುತ್ತಿದ್ದ ಪ್ರಶ್ನೆ ಬೇರೆ. ಇದನ್ನು ಮಾಡಿಸಿದವರು ಯಾರು?

ಆಗ ಒಂದು ಹೆಸರು ಹೊರಗೆ ಬರುತ್ತಿತ್ತು. ಹೆಚ್ಚಾಗಿ ಅದು ಬಡವರ ಹೆಸರು, ಒಂಟಿ ಹೆಂಗಸಿನ ಹೆಸರು, ಇಲ್ಲವೇ ಹೊಲದ ಬದುವಿಗೆ ಜಗಳ ಇದ್ದವರ ಹೆಸರು. ಅವರನ್ನು ಹೊಡೆದರು, ಊರು ಬಿಡಿಸಿದರು. ಮಂತ್ರ ಹೇಳಬಾರದು ಅಂತ ಹಲ್ಲು ಕಿತ್ತದ್ದೂ ಇದೆ. ನೀವು ಅಂಜುತ್ತಿರುವುದು ಇದಕ್ಕೆ ಅಂತ ನಾನು ತಿಳಿದಿದ್ದೇನೆ. ಹಾಗಿದ್ದರೆ ನಾನು ನಿಮ್ಮ ಕಡೆಗೇ ಇದ್ದೇನೆ.

ಆದರೆ ದೆವ್ವದ ಕತೆ ಮತ್ತು ಭಾನಾಮತಿ ಒಂದೇ ಅಲ್ಲ. ದೆವ್ವದ ಕತೆಯಲ್ಲಿ ನಾವು ಅಂಜುವುದು ಸತ್ತವರಿಗೆ. ಅವರು ಬದುಕಿದ್ದಾಗ ಏನಾಯಿತು, ಯಾರಿಂದ ಅನ್ಯಾಯವಾಯಿತು, ಏನು ಹೇಳಲಾಗದೆ ಹೋದರು ಅನ್ನುವುದು ಆ ಅಂಜಿಕೆಯ ಬೇರು. ಭಾನಾಮತಿಯಲ್ಲಿ ಬೆರಳು ತಿರುಗುವುದು ಬದುಕಿರುವವರ ಕಡೆಗೆ, ಮೂರನೇ ಮನೆಯ ಮುದುಕಿಯ ಕಡೆಗೆ. ಈ ಗೆರೆ ನಮ್ಮ ಕಚೇರಿಯಲ್ಲಿ ತುಂಬ ಬಿಗಿ. ಮಾಟ ಮಾಡಿಸಿದ ದೊಡ್ಡಮ್ಮ, ಕಣ್ಣು ಹಾಕಿದ ಸೊಸೆ, ಲಿಂಬೆಹಣ್ಣು ಹೂತಿಟ್ಟ ನೆರೆಮನೆಯವಳು ಇರುವ ಕತೆಗಳು ತಿಂಗಳು ತಿಂಗಳೂ ಬರುತ್ತವೆ. ಎಷ್ಟೇ ಚಂದ ಬರೆದಿದ್ದರೂ ವಾಪಸ್ ಹೋಗುತ್ತವೆ. ದೆವ್ವ ಬಿಡಿಸುತ್ತೇನೆ ಅಂತ ಒಬ್ಬರನ್ನು ಕಟ್ಟಿ ಹೊಡೆಯುವ ದೃಶ್ಯ ಇದ್ದು, ಅದರಿಂದ ರೋಗ ವಾಸಿಯಾಯಿತು ಅಂತ ತೋರಿಸಿದ್ದರೂ ಅಷ್ಟೇ. ಹಾಗೆ ಹೊಡೆಯುವುದು ಈಗ ಅಪರಾಧ ಕೂಡ. ಅಮಾನುಷ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ನಮ್ಮ ರಾಜ್ಯದ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಇದನ್ನು ಕ್ಲಾಸಿನಲ್ಲಿ ಹೇಳಿ. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಉಳಿದರ್ಧ ಹೀಗೆ: ಕತೆಯಲ್ಲಿನ ಬಾವಿಗೆ ಯಾರೂ ಏನೂ ಮಾಡಿಸಿಲ್ಲ. ಅಲ್ಲಿ ಯಾರೋ ಸತ್ತಿದ್ದರು, ಅವರನ್ನು ಎಲ್ಲರೂ ಮರೆತಿದ್ದರು. ಎರಡನೇ ಭಾಗದಲ್ಲಿ ಅದು ಯಾರು ಅಂತ ಗೊತ್ತಾಗುತ್ತದೆ.

ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಇಂಥದ್ದೆಲ್ಲ ಯಾಕೆ ಬೇಕು ಅಂತ ಕೇಳಿದ್ದೀರಿ. ಆ ವಯಸ್ಸಿನಲ್ಲಿ ಸಾವು ಮೊದಲ ಸಲ ನಿಜ ಅನ್ನಿಸುತ್ತದೆ. ಅಜ್ಜ ತೀರಿಕೊಳ್ಳುತ್ತಾನೆ. ಕ್ಲಾಸಿನ ಹುಡುಗ ಕ್ವಾರಿಯ ನೀರಿನಲ್ಲಿ ಮುಳುಗುತ್ತಾನೆ. ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ಇಂಥ ಸಾವು ಆಗುತ್ತಲೇ ಇರುತ್ತವೆ. ಆ ಮಕ್ಕಳ ಜೊತೆ ಈ ವಿಷಯ ಮಾತಾಡುವವರು ಯಾರು? ಮನೆಯಲ್ಲಿ "ಸುಮ್ನಿರು" ಅನ್ನುತ್ತಾರೆ. ಸತ್ತವರು ಎಲ್ಲಿ ಹೋದರು, ಅವರಿಗೆ ನಾವು ಏನಾದರೂ ಬಾಕಿ ಇದ್ದೇವಾ ಅನ್ನುವ ಪ್ರಶ್ನೆಯನ್ನು ಆ ವಯಸ್ಸಿನವರ ಮುಂದೆ ನೇರವಾಗಿ ಇಡುವ ಕತೆ ದೆವ್ವದ ಕತೆ. ಹೆಗಲ ಮೇಲೆ ಕೂತ ಬೇತಾಳ ವಿಕ್ರಮನನ್ನು ಕೊಲ್ಲಲಿಲ್ಲ, ಕತೆ ಹೇಳಿ ಪ್ರಶ್ನೆ ಕೇಳಿತು. ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಒಂದು ಮಾತು ಬೇರೆಯಾಗಿ ಹೇಳಬೇಕು. ಕತೆ ಓದಿ ಒಂದೆರಡು ರಾತ್ರಿ ದೀಪ ಹಚ್ಚಿ ಮಲಗುವುದು ಸಹಜ. ಆದರೆ ಒಬ್ಬ ಹುಡುಗಿ ವಾರಗಟ್ಟಲೆ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾಳೆ, ಶಾಲೆಗೆ ಬರಲು ನಡುಗುತ್ತಾಳೆ ಅಂದರೆ ಕತೆಯ ಹಿಂದೆ ಬೇರೇನೋ ಇದೆ. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ತಾಯತದ ಕಡೆ ಹೋಗುವ ಮೊದಲು ಇದಾಗಲಿ.

ಇನ್ನು ಕೊನೆಗೆ ದೆವ್ವ ಇರಲಿಲ್ಲ ಅಂತ ತೋರಿಸುವ ವಿಚಾರ. ಹಾಗೆ ತೋರಿಸುವ ಕತೆಗಳು ನಮಗೂ ಬರುತ್ತವೆ. ಕೊನೆಯ ಪುಟದಲ್ಲಿ ದೆವ್ವ ಅಂದರೆ ಕಳ್ಳ, ಇಲ್ಲಾ ಬೆಕ್ಕು, ಇಲ್ಲಾ ಗಾಳಿಗೆ ಬಡಿದ ಬಾಗಿಲು. ಹದಿನಾಲ್ಕರ ಹುಡುಗ ಅದನ್ನು ಓದಿ ಪುಸ್ತಕ ಮುಚ್ಚಿಬಿಡುತ್ತಾನೆ. ದೊಡ್ಡವರು ಮತ್ತೆ ಪಾಠ ಮಾಡಿದರು ಅಂತ ಅವನಿಗೆ ಗೊತ್ತಾಗುತ್ತದೆ. ನಿಜವಾದ ಕಾರಣ ಹೇಳಲೇಬೇಕು ಅಂದರೆ ಆ ಕಾರಣ ದೆವ್ವಕ್ಕಿಂತ ದೊಡ್ಡದಿರಬೇಕು. ಸುರಪುರ ಸೀಮೆಯ ಬೂದಿಹಾಳ ನೋಡಿ. ಅಲ್ಲಿ ಬೂದಿಯ ದಿಬ್ಬವಿದೆ. ಇಂಥ ದಿಬ್ಬಗಳನ್ನು ಕಂಡ ಜನ ರಾಕ್ಷಸರನ್ನು ಸುಟ್ಟ ಜಾಗ ಅಂತ ಕತೆ ಕಟ್ಟಿದ್ದರು. ಪುರಾತತ್ವದವರು ಅಗೆದು ನೋಡಿದಾಗ ಅದು ದನದ ಸಗಣಿಯ ಬೂದಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನಗಾಹಿ ಜನ ಅಲ್ಲಿ ದೊಡ್ಡಿ ಕಟ್ಟಿದ್ದರು, ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರು. ಆ ಕಾಲದ ದಕ್ಷಿಣದ ಊರುಗಳಲ್ಲಿ ಸತ್ತ ಹಸುಗೂಸನ್ನು ಮಡಕೆಯಲ್ಲಿಟ್ಟು ಮನೆಯ ನೆಲದಲ್ಲೇ ಹೂಳುತ್ತಿದ್ದರು. ಮಗುವನ್ನು ಮನೆಯಿಂದ ಹೊರಗೆ ಕಳಿಸಲು ಆ ತಾಯಿಗೆ ಮನಸ್ಸು ಬರಲಿಲ್ಲವೇನೋ. ರಾಕ್ಷಸ ಹೋದ, ಅವನ ಜಾಗಕ್ಕೆ ಒಬ್ಬ ತಾಯಿ ಬಂದಳು. ಈ ಕತೆಯನ್ನು ಯಾರಾದರೂ ಬರೆದು ಕಳಿಸಿದರೆ ನಾಳೆಯೇ ಅಚ್ಚಿಗೆ ಕೊಡುತ್ತೇನೆ.

ನಿಮ್ಮ ಮೂರನೇ ಕೋರಿಕೆಯನ್ನು ಪೂರ್ತಿ ಒಪ್ಪಲು ನನಗೆ ಆಗುತ್ತಿಲ್ಲ. ಊರಿನ ಹೆಸರು ತೆಗೆದ ಕೂಡಲೇ ನಮ್ಮ ಮಕ್ಕಳ ಕತೆಗೆ ಎಲ್ಲಿಂದಲೋ ಮಂಜು ಬಂದು ತುಂಬಿಕೊಳ್ಳುತ್ತದೆ. ಮರದ ಮೆಟ್ಟಿಲಿನ ಬಂಗಲೆ ಬರುತ್ತದೆ. ಮೋಂಬತ್ತಿ ಹಿಡಿದು ಬಿಳಿ ಸೀರೆಯವಳು ಬರುತ್ತಾಳೆ. ಜೇವರ್ಗಿಯ ಹುಡುಗ ಅಂಥ ಬಂಗಲೆಯನ್ನು ಯಾವತ್ತೂ ನೋಡಿಲ್ಲ. ಅವನು ನೋಡಿರುವುದು ಮೇ ತಿಂಗಳ ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಬಾಗಿಲುಗಳೆಲ್ಲ ಮುಚ್ಚಿವೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಎಲ್ಲರೂ ಮಲಗಿದ್ದಾರೆ. ಆಗ ಹೊರಗೆ ಯಾರೋ ನಡೆದ ಸದ್ದಾದರೆ? ಮಧ್ಯಾಹ್ನ ಹೊತ್ತಲ್ಲದ ಹೊತ್ತು, ಹುಣಸೆ ಮರದ ಕೆಳಗೆ ಹೋಗಬೇಡ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ನಮ್ಮ ಕಡೆಯ ದೆವ್ವದ ಕತೆಗೆ ಕತ್ತಲೆಯೇ ಬೇಕಾಗಿಲ್ಲ. ತೊಗರಿ ಒಣಗಿದ ಕಾಲಕ್ಕೆ ಹೊಲದ ನಡುವಿನ ಕಾಲುದಾರಿಯಲ್ಲಿ ಒಬ್ಬರೇ ನಡೆದು ಬನ್ನಿ. ಗಿಡ ಆಳೆತ್ತರ ಇರುತ್ತದೆ. ಗಾಳಿ ಬಂದರೆ ಒಣ ಕಾಯಿಗಳು ಗಲಗಲ ಅನ್ನುತ್ತವೆ. ಗಾಳಿ ನಿಂತ ಮೇಲೂ ಒಂದು ಕಡೆ ಮಾತ್ರ ಅಲ್ಲಾಡುತ್ತಿದ್ದರೆ ಬೇರೆ ಏನೂ ಬರೆಯಬೇಕಾಗಿಲ್ಲ, ಅಲ್ವಾ?

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಕರೇಜ್ ಅಂತಾರೆ. ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ನೀರಿನ ಸುರಂಗ, ಮೇಲಿನಿಂದ ಅಲ್ಲಲ್ಲಿ ಬಾವಿಯ ಹಾಗೆ ಇಳಿಸಿದ ಕಿಂಡಿಗಳು. ಒಬ್ಬ ಹುಡುಗ ಒಂದು ಕಿಂಡಿಯಲ್ಲಿ ಕೂಗುತ್ತಾನೆ, ಗೆಳತಿ ಇನ್ನೊಂದರ ಬಾಯಲ್ಲಿ ನಿಂತು ಕೇಳುತ್ತಾಳೆ. ಅವಳಿಗೆ ಎರಡು ದನಿ ಕೇಳುತ್ತವೆ. ಇಂಥ ಜಾಗದ ಹೆಸರು ಮರೆಮಾಡಿದರೆ ಕತೆಗೂ ನಷ್ಟ, ಜಾಗಕ್ಕೂ ನಷ್ಟ.

ಗುಂಬಜ್‌ಗಳ ವಿಷಯದಲ್ಲಿ ಮಾತ್ರ ನಿಮ್ಮ ಆತಂಕ ನನ್ನದೂ ಹೌದು. ಹಾಳುಬಿದ್ದಂತೆ ಕಾಣುವ ಎಲ್ಲ ಗುಂಬಜೂ ದೆವ್ವದ ಮನೆ ಅಂತ ಬರೆಯುವವರು ತುಂಬ ಇದ್ದಾರೆ. ಅವು ಸಮಾಧಿಗಳು. ಕೆಲವಕ್ಕೆ ಇವತ್ತಿಗೂ ಜನ ಹೂವು ಏರಿಸುತ್ತಾರೆ. ಬೀದರ್ ಪಕ್ಕದ ಅಷ್ಟೂರಿಗೆ ಹೋಗಿ ನೋಡಿ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಸಮಾಧಿಯ ಉರುಸಿಗೆ ನಿಮ್ಮದೇ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಹಿಂದೂಗಳು ಅವನನ್ನು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುತ್ತಾರೆ. ಅಂಥ ಜಾಗದಲ್ಲಿ ಕೆಂಪು ಕಣ್ಣಿನ ಪಿಶಾಚಿ ಕೂರಿಸುವುದು ನಂಬಿದವರಿಗೆ ಮಾಡುವ ಅವಮಾನ. ಅದೇ ಸಾಲಿನಲ್ಲಿ ಹುಮಾಯೂನ್ ಶಾಹನ ಸಮಾಧಿಯೂ ಇದೆ. ಅವನೂ ಬಹಮನಿ ಸುಲ್ತಾನನೇ, 1458ರಿಂದ 1461ರವರೆಗೆ ಆಳಿದವನು. ಜನ ಅವನನ್ನು ಜಾಲಿಮ್ ಅಂದರು, ಕ್ರೂರಿ. ಸಿಡಿಲು ಬಡಿದು ಗುಮ್ಮಟ ಸೀಳಿತು ಅನ್ನುತ್ತಾರೆ. ಉಳಿದ ಭಾಗ ಈಗಲೂ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. ಇಲ್ಲಿ ಕತೆ ಬರೆಯುವ ಹುಡುಗರೆಲ್ಲ ಹುಮಾಯೂನನನ್ನೇ ದೆವ್ವ ಮಾಡುತ್ತಾರೆ. ಅವನಿಗೆ ಗುಮ್ಮಟ ಇದೆ, ಹೆಸರಿದೆ, ಇತಿಹಾಸದಲ್ಲಿ ಪುಟಗಳಿವೆ. ಅವನ ಕೈಯಲ್ಲಿ ಸತ್ತವರಿಗೆ ಏನಿದೆ? ನನ್ನ ಕೇಳಿದರೆ ಅಲ್ಲಿ ಓಡಾಡಬೇಕಾದವರು ಅವರು.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ಇನ್ನೊಂದು. 1472ರಲ್ಲಿ ಕಟ್ಟಿ ಮುಗಿಸಿದ್ದು. ಶತ್ರುಗಳು ಅವನ ಮೊಹರು ಇದ್ದ ಖಾಲಿ ಕಾಗದದ ಮೇಲೆ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಮುದುಕ ಮಂತ್ರಿಯ ತಲೆ ತೆಗೆಸಲಾಯಿತು. ತಾನು ಬರೆಯದ ಮಾತಿಗೆ ಶಿಕ್ಷೆ ಅನುಭವಿಸುವುದು ಎಂಥದ್ದು ಅಂತ ಇವತ್ತಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಸುಳ್ಳು ಸ್ಕ್ರೀನ್‌ಶಾಟ್ ಹರಿದಾಡಿ ಶಾಲೆ ಬಿಡುವ ಹಂತಕ್ಕೆ ಹೋದ ಹುಡುಗಿಯರು ಇದ್ದಾರೆ. ಆ ಅಂಗಳದಲ್ಲಿ ಅಂಥ ಹುಡುಗಿಯೊಬ್ಬಳಿಗೆ ಗವಾನ್ ಎದುರಾದರೆ ಇಬ್ಬರೂ ಏನು ಮಾತಾಡಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ಕಡೆ ಮಾತ್ರ ನಾವು ಕಾಲಿಡುವುದಿಲ್ಲ. 1948ರಲ್ಲಿ ನಮ್ಮ ಹಳ್ಳಿಗಳಲ್ಲಿ ಮೊದಲು ನಿಜಾಮನ ಪರ ಇದ್ದ ರಜಾಕಾರರ ಕೈಯಲ್ಲಿ, ಆಮೇಲೆ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ ನಡೆದ ಸೇಡಿನಲ್ಲಿ ಜನ ಸತ್ತರು. ಎರಡೂ ಕಡೆಯವರು ಸತ್ತರು. ಅವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅದೇ ಓಣಿಗಳಲ್ಲಿದ್ದಾರೆ. ಆ ಬಾವಿಗಳನ್ನು, ಆ ಗೋಡೆಗಳನ್ನು ಮಕ್ಕಳನ್ನು ಹೆದರಿಸಲು ಬಳಸುವ ಹಕ್ಕು ನಮಗಿಲ್ಲ. ಅದನ್ನು ಇತಿಹಾಸವಾಗಿ ಬರೆಯಲಿ, ನೆನಪಾಗಿ ಬರೆಯಲಿ. ಊರಿನ ಹೆಸರು ಹಾಕಿ ದೆವ್ವದ ಕತೆಯಾಗಿ ಬಂದರೆ ತೆಗೆದುಕೊಳ್ಳುವುದಿಲ್ಲ.

ಬಾವಿ, ಸುರಂಗ, ಕ್ವಾರಿ ಬರುವ ಕತೆಗಳ ಕೆಳಗೆ ಇನ್ನು ಮುಂದೆ ಒಂದು ಸಾಲು ಹಾಕುತ್ತೇವೆ: ಒಬ್ಬರೇ ಹೋಗಬೇಡಿ, ಒಳಗೆ ಇಳಿಯಬೇಡಿ. ದೆವ್ವ ಇರಲಿ ಬಿಡಲಿ, ಕಟ್ಟೆ ಕುಸಿಯುತ್ತದೆ, ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ನಿಮ್ಮ ಶಾಲೆಯ ಬಾವಿಗೆ ಜಾಲರಿ ಇಲ್ಲದಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಬರೆಸಿ ಪಂಚಾಯತಿಗೆ ಅರ್ಜಿ ಕೊಡಿ. ಹುಡುಗಿಯರು ಅಲ್ಲಿಗೆ ಹೋಗಲು ಒಲ್ಲೆ ಅಂದದ್ದು ಆ ಮಟ್ಟಿಗೆ ಒಳ್ಳೆಯದೇ ಆಯಿತು.

ಪತ್ರದ ಕೊನೆಗೆ, ಶಾಲೆಗೆ ಬಂದು ಮಕ್ಕಳ ಜೊತೆ ಮಾತಾಡುತ್ತೀರಾ ಅಂತ ಕೇಳಿದ್ದೀರಿ. ಬರುತ್ತೇನೆ. ಶನಿವಾರ ಬೆಳಗಿನ ಶಾಲೆ ಇದ್ದಾಗ ಅನುಕೂಲ, ಯಾವ ಶನಿವಾರ ಅಂತ ನೀವೇ ತಿಳಿಸಿ. ಅಷ್ಟರೊಳಗೆ ಮಕ್ಕಳು ತಮ್ಮ ಅಜ್ಜಿ, ಆಯಿ, ದಾದಿಮಾ ಯಾರ ಬಾಯಿಂದಲಾದರೂ ಒಂದೊಂದು ದೆವ್ವದ ಕತೆ ಕೇಳಿ ಬರೆದಿಟ್ಟಿರಲಿ. ಅವರು ಹೇಳಿದ ಹಾಗೆಯೇ ಬರೆಯಲಿ, ಭಾಷೆ ತಿದ್ದುವುದು ಬೇಡ. ಕತೆಯಲ್ಲಿ ಬದುಕಿರುವವರ ಹೆಸರು ಬಂದಿದ್ದರೆ ಅದನ್ನಷ್ಟೇ ಬಿಟ್ಟು ಬರೆಯಲು ಹೇಳಿ. ಅವುಗಳಲ್ಲಿ ಕೆಲವನ್ನು ದೀಪಾವಳಿ ಸಂಚಿಕೆಗೆ ತೆಗೆದುಕೊಳ್ಳುವ ಆಸೆ ಇದೆ.

— ಸಂಪಾದಕ