ತಾತನ ಕ್ಷೌರದ ಕತ್ತಿ: ಉಜ್ಜುವ ಮೊದಲು ಓದಿ

ಪ್ರಶ್ನೆ: ನಮ್ಮದು ಬಂಗಾರಪೇಟೆ. ನಮ್ಮ ತಾತ ಕೆಜಿಎಫ್‌ನಲ್ಲಿ ಗಣಿ ದೊರೆಗಳ ಬಂಗಲೆಗೆ ಹೋಗಿ ಕ್ಷೌರ ಮಾಡುತ್ತಿದ್ದರಂತೆ. ಅವರ ಹಳೇ ಪೆಟ್ಟಿಗೆಯಲ್ಲಿ ಮಡಚುವ ಕತ್ತಿಯೊಂದು ಸಿಕ್ಕಿದೆ. ಹಿಡಿ ಕೆನೆ ಬಣ್ಣದ್ದು, ಅದರ ಉದ್ದಕ್ಕೂ ಸಣ್ಣ ಗೆರೆಗಳಿವೆ. ಆನೆದಂತ ಅಂತಾರೆ ಅಮ್ಮ. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಶಿಲುಬೆ ಥರದ ಗುರುತು, ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಎಂಬ ಹೆಸರು, ಹಿಂಬದಿಯಲ್ಲಿ ಶೆಫೀಲ್ಡ್, ಇಂಗ್ಲೆಂಡ್ ಅಂತ ಇದೆ. ಮಡಚಿದಾಗ ಹಿಡಿಯೊಳಗೆ ಹೋಗುವ ಭಾಗಕ್ಕೆ ಮಾತ್ರ ತುಕ್ಕು ಹಿಡಿದಿದೆ, ಹೊರಗೆ ಉಳಿಯುವ ಬೆನ್ನು ಚೆನ್ನಾಗೇ ಇದೆ. ಇದು ಎಷ್ಟು ಹಳೇದು? ಸೈಕಲ್ ಮೇಲೆ ಬರುವ ಸಾಣೆಯವರ ಹತ್ತಿರ ಕೊಟ್ಟು ಮೊದಲಿನ ಹಾಗೆ ಮಾಡಿಸಬಹುದಾ?

ಉತ್ತರ: ದಯವಿಟ್ಟು ಸಾಣೆಯವರಿಗೆ ಕೊಡಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕಂದ್ರೆ ಒಳ್ಳೊಳ್ಳೆ ಕತ್ತಿಗಳು ಹಾಳಾಗುವುದು ಇಲ್ಲೇ. ಆ ಚಕ್ರ ಈಳಿಗೆ ಮಣೆಗೆ, ಮಚ್ಚಿಗೆ ಸರಿ. ಕ್ಷೌರದ ಕತ್ತಿಯ ಬಾಯಿ ಕಾಗದಕ್ಕಿಂತ ತೆಳು. ಚಕ್ರಕ್ಕೆ ತಗುಲಿದ ಕ್ಷಣದಲ್ಲೇ ಅದು ಕಾಯುತ್ತದೆ. ಸುಮಾರು 200 ಡಿಗ್ರಿ ದಾಟಿದರೆ ಉಕ್ಕಿಗೆ ಕೊಟ್ಟಿದ್ದ ಹದ ಹೋಗಲು ಶುರುವಾಗುತ್ತದೆ. ತುದಿಯಲ್ಲಿ ಹಳದಿ ಅಥವಾ ನೀಲಿ ಬಣ್ಣ ಕಂಡಿತು ಅಂದ್ರೆ ಆ ಜಾಗದ ಕಥೆ ಮುಗಿದ ಹಾಗೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿಯುವ ಗ್ರೈಂಡರ್, ಡ್ರಿಲ್ಲಿಗೆ ಸಿಕ್ಕಿಸುವ ಬಫ್ ಎಲ್ಲಕ್ಕೂ ಇದೇ ಮಾತು.

ಈಗ ವಯಸ್ಸಿನ ವಿಷಯ. ಅಲಗು ಹಿಡಿಗೆ ಸೇರುವ ಬುಡದಲ್ಲಿ ಒತ್ತಿರುವ ಗುರುತೇ ಕತ್ತಿಯ ಜಾತಕ. ನಕ್ಷತ್ರ ಮತ್ತು ಶಿಲುಬೆ ರಾಜರ್ಸ್ ಕಂಪನಿಯ ಗುರುತು. ಇಂಗ್ಲೆಂಡಿನ ಶೆಫೀಲ್ಡ್ ಊರು ಕತ್ತಿ, ಚಾಕುಗಳಿಗೆ ಹೆಸರಾದದ್ದು. ಆ ಊರಿನ ದೊಡ್ಡ ಹೆಸರುಗಳಲ್ಲಿ ಇದೂ ಒಂದು. ಆದರೆ ನಿಮ್ಮ ಕತ್ತಿಯ ಕಾಲ ತಿಳಿಯಲು ನನಗೆ ಜಾಸ್ತಿ ನೆರವಾದದ್ದು ಕೊನೆಯ ಪದ, ಇಂಗ್ಲೆಂಡ್. 1890ರಲ್ಲಿ ಅಮೆರಿಕ ಒಂದು ಸುಂಕದ ಕಾನೂನು ಮಾಡಿತು. ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ ಅದರಲ್ಲಿತ್ತು. ಅಲ್ಲಿಂದಾಚೆ ಶೆಫೀಲ್ಡ್ ಜೊತೆ ಇಂಗ್ಲೆಂಡ್, ಸೋಲಿಂಗನ್ ಜೊತೆ ಜರ್ಮನಿ ಅಂತ ಒತ್ತುವುದು ರೂಢಿಯಾಯಿತು. ಬರೀ ಊರಿನ ಹೆಸರಿದ್ದರೆ ಕತ್ತಿ ಅದಕ್ಕೂ ಹಳೆಯದಿರಬಹುದು. ಕಿರೀಟ ಮತ್ತು ವಿ.ಆರ್. ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದ್ರೆ 1837ರಿಂದ 1901. ಜಿ.ಆರ್. ಅಂತಿದ್ದರೆ ಜಾರ್ಜ್ ದೊರೆಗಳ ಕಾಲ. ನಿಮ್ಮದರಲ್ಲಿ ಇವೆರಡೂ ಇಲ್ಲ. ಅಕ್ಷರ ಮಸುಕಾಗಿದ್ದರೆ ಮೇಲೊಂದು ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿ ನೋಡಿ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಬಿಟ್ಟರೂ ಓದಲು ಬರುತ್ತದೆ. ಅಲ್ಲಿಗೆ ಪಾಲಿಶ್ ಮಾತ್ರ ಹಚ್ಚಬೇಡಿ. ಅಕ್ಷರ ಒಮ್ಮೆ ಸವೆದರೆ ಹೋಯಿತು.

ಆಕಾರವನ್ನೂ ನೋಡಿ. ಬಾಯಿಯನ್ನು ಹುಷಾರಾಗಿ ಆಚೆ ತಿರುಗಿಸಿ ಅಲಗನ್ನು ತುದಿಯ ಕಡೆಯಿಂದ ಗಮನಿಸಿ. ಬೆಣೆಯ ಹಾಗೆ ದಪ್ಪಗಿದ್ದರೆ ಹಳೇ ಮಾದರಿ. ಎರಡೂ ಕೆನ್ನೆ ಒಳಕ್ಕೆ ಹೋಗಿ ತೆಳ್ಳಗಾಗಿದ್ದರೆ ಹತ್ತೊಂಬತ್ತನೇ ಶತಮಾನದ ಕೊನೇ ಭಾಗ ಅಥವಾ ಆಮೇಲಿನದು. ಕೋಲಾರದ ಚಿನ್ನದ ಗಣಿಗಳಿಗೆ ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ. ಕಾರ್ನ್‌ವಾಲ್‌ನ ಗಣಿ ಕೆಲಸಗಾರರು, ಇಂಜಿನಿಯರುಗಳು ಬಂದು ನೆಲೆಸಿದ ಊರಿನಲ್ಲಿ ಶೆಫೀಲ್ಡಿನ ಕತ್ತಿ ಸಿಗುವುದು ಆಶ್ಚರ್ಯವೇನಲ್ಲ. ತಾತನ ಕಥೆಗೂ ಕತ್ತಿಗೂ ಚೆನ್ನಾಗಿ ತಾಳೆ ಬೀಳುತ್ತದೆ.

ಇನ್ನು ಹಿಡಿ. ತುಕ್ಕು ಎಲ್ಲಿದೆ ಅಂತ ನೀವು ಗಮನಿಸಿ ಬರೆದದ್ದು ತುಂಬ ಒಳ್ಳೇದಾಯಿತು. ಇದು ಆನೆದಂತ ಅಲ್ಲ, ಸೆಲ್ಯುಲಾಯ್ಡ್ ಅನ್ನಿಸುತ್ತದೆ. ಆನೆದಂತದ ಬದಲಿಗೆ ಅಂತಲೇ 1870ರ ದಶಕದಿಂದ ಬಳಕೆಗೆ ಬಂದ ಪ್ಲಾಸ್ಟಿಕ್ ಇದು. ದಂತದ ಹಾಗೆ ಕಾಣಲಿ ಅಂತ ಒಂದೇ ಸಮ ಗೆರೆ ಎಳೆದಿರುತ್ತಿದ್ದರು. ನಿಜವಾದ ದಂತವನ್ನು ಅಡ್ಡ ಕೊಯ್ದ ಕಡೆ ಗೆರೆಗಳು ಒಂದನ್ನೊಂದು ಕತ್ತರಿಸಿ ಬಲೆಯ ಹಾಗೆ ಕಾಣುತ್ತವೆ. ಹಿಡಿಯನ್ನು ಹೆಬ್ಬೆರಳಿಂದ ಜೋರಾಗಿ ಉಜ್ಜಿ, ತಕ್ಷಣ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡೇ. ಅದನ್ನು ಮಾಡುವಾಗ ಕರ್ಪೂರ ಬೆರೆಸುತ್ತಿದ್ದರು. ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಸೆಲ್ಯುಲಾಯ್ಡ್ ಹಳತಾದಂತೆ ಒಳಗೊಳಗೇ ಕೆಡುತ್ತದೆ. ಆಗ ಹೊರಬರುವ ಆಮ್ಲದ ಆವಿ ಪಕ್ಕದಲ್ಲಿರುವ ಉಕ್ಕನ್ನು ತಿನ್ನುತ್ತದೆ. ಹಿಡಿಯ ನಡುವೆ ಇದ್ದ ಭಾಗಕ್ಕಷ್ಟೇ ತುಕ್ಕು ಬಂದಿರುವುದು ಅದಕ್ಕೇ. ಅಂದ್ರೆ ತುಕ್ಕು ತೆಗೆದು ಮತ್ತೆ ಅದೇ ಹಿಡಿಯೊಳಗೆ ಮಡಚಿಟ್ಟರೆ ಪ್ರಯೋಜನವಿಲ್ಲ, ಮತ್ತೆ ಬರುತ್ತದೆ. ಹಿಡಿ ಬೇರೆ, ಅಲಗು ಬೇರೆ ಆಗಲೇಬೇಕು. ಈ ಕೆಲಸಕ್ಕೆ ಅಕ್ಕಸಾಲಿಗರೇ ಸರಿ. ಸಣ್ಣ ಅರದಿಂದ ರಿವೆಟ್‌ನ ತಲೆ ಸವೆಸಿ, ಹಿತ್ತಾಳೆ ಕಡ್ಡಿಯನ್ನು ಮೆಲ್ಲಗೆ ಹೊರಗೆ ತಳ್ಳುವುದು ಅವರಿಗೆ ಗೊತ್ತು. ಹೊಸ ಹಿಡಿಯನ್ನು ಬೀಟೆ ಮರದಲ್ಲಿ ಮಾಡಿಸಿ. ಹಳೇ ಹಿಡಿ ಎಸೆಯಲು ಮನಸ್ಸಾಗದಿದ್ದರೆ ಗಾಳಿಯಾಡುವ ಕಡೆ, ಒಲೆಯಿಂದ ದೂರ, ಬೇರೆ ಯಾವ ಕಬ್ಬಿಣದ ಸಾಮಾನೂ ಹತ್ತಿರ ಇಲ್ಲದ ಹಾಗೆ ಇಡಿ. ಕರ್ಪೂರದ ವಾಸನೆ ಬಾರದೆ, ಬಲೆಯಂಥ ಗೆರೆ ಕಂಡು ದಂತವೇ ಅಂತಾದರೆ, ಅದನ್ನು ಮಾರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಅಲಗಿನ ಕೆಲಸ ನೀವೇ ಮಾಡಬಹುದು. ಕಪ್ಪಗಿರುವ ಕಲೆ ಇರಲಿ ಬಿಡಿ. ಅದು ವಯಸ್ಸಿನ ಬಣ್ಣ, ಉಕ್ಕಿಗೇನೂ ಮಾಡುವುದಿಲ್ಲ. ಕೆಂಪಗೆ ಪುಡಿ ಉದುರುವುದೇ ಶತ್ರು. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಲಗನ್ನು ಮರದ ತುಂಡಿನ ಮೇಲೆ ಮಲಗಿಸಿ, ಬಾಯಿಗೆ ಟೇಪ್ ಅಂಟಿಸಿ. ಪೇಂಟಿನವರು ಬಳಸುವ ವಾಟರ್ ಪೇಪರ್, 1000 ನಂಬರಿನದು, ಸಣ್ಣದಾಗಿ ಕತ್ತರಿಸಿ ರಬ್ಬರಿಗೆ ಸುತ್ತಿ, ಎಣ್ಣೆಯ ಜೊತೆಗೇ ಉಜ್ಜಿ. ಕೈ ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೇ ಹೋಗಬೇಕು, ವಾಪಸ್ ತರಬಾರದು. ಆಮೇಲೆ 1500, 2000. ಅಲಗಿನ ಮೇಲೆ ಬಂಗಾರದ ಬಣ್ಣದ ಬರಹ ಅಥವಾ ಚಿತ್ರ ಇದ್ದರೆ ಅಲ್ಲಿ ಪೇಪರ್ ತಾಗಿಸಲೇಬೇಡಿ. ಕನ್ನಡಿಯ ಹಾಗೆ ಹೊಳೆಯಬೇಕು ಅನ್ನುವ ಆಸೆ ಬೇಡ. ಹೊಳಪಿಗಾಗಿ ತೆಗೆದ ಉಕ್ಕು ತಿರುಗಿ ಬರುವುದಿಲ್ಲ. ನಿಂಬೆಹಣ್ಣು, ವಿನೆಗರ್ ಕೂಡ ಬೇಡ, ತುಕ್ಕಿನ ಜೊತೆ ಉಕ್ಕನ್ನೂ ತಿನ್ನುತ್ತವೆ.

ಕೊನೆಗೆ ಸಾಣೆ. ಈ ಕತ್ತಿಯಲ್ಲಿ ಕೋನವನ್ನು ನೀವು ಲೆಕ್ಕ ಹಾಕಬೇಕಿಲ್ಲ. ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೇ ಕಲ್ಲಿಗೆ ತಾಗುವಂತೆ ಚಪ್ಪಟೆಯಾಗಿ ಮಲಗಿಸಿದರೆ ಕೋನ ತಾನಾಗಿ ಸಿಗುತ್ತದೆ. ಮಾಡಿದವರ ಜಾಣತನ ಇರುವುದು ಇಲ್ಲೇ ಅಲ್ವಾ! ನೀರು ಹಾಕಿದ ಕಲ್ಲಿನ ಮೇಲೆ ಬಾಯಿ ಮುಂದಾಗಿ ತಳ್ಳಿ. ತುದಿಗೆ ಬಂದಾಗ ಬೆನ್ನಿನ ಮೇಲೇ ಹೊರಳಿಸಿ ವಾಪಸ್ ತನ್ನಿ. ಒತ್ತಬೇಡಿ, ಕತ್ತಿಯ ಭಾರವೇ ಸಾಕು. 1000ದ ಕಲ್ಲು, ಆಮೇಲೆ 4000, 8000. ಚರ್ಮದ ಪಟ್ಟಿಯ ಮೇಲೆ ಮಾತ್ರ ಉಲ್ಟಾ, ಬೆನ್ನು ಮುಂದೆ, ಬಾಯಿ ಹಿಂದೆ. ಇಲ್ಲಿ ಮರೆತರೆ ಪಟ್ಟಿಯೂ ಸೀಳುತ್ತದೆ, ಹರಿತವೂ ಹೋಗುತ್ತದೆ.

ಪ್ರಶ್ನೆ: ನಾವು ತಿಪಟೂರಿನವರು, ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ. ಹಳೇ ಕತ್ತಿಗೂ ಅದನ್ನೇ ಹಚ್ಚಿಟ್ಟರೆ ಆಗುತ್ತಾ?

ಉತ್ತರ: ದಿನಾ ಬಳಸಿ ದಿನಾ ಒರೆಸುವುದಾದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಎತ್ತಿಡುವುದಕ್ಕೆ ಬೇಡ. ಗಾಣದ ಎಣ್ಣೆಯಲ್ಲಿ ನೀರಿನ ಪಸೆ ಉಳಿದಿರಬಹುದು. ಎಣ್ಣೆ ಕಮಟಿದಾಗ ಹುಟ್ಟುವ ಆಮ್ಲ ಉಕ್ಕಿಗೂ ಹಿತ್ತಾಳೆ ರಿವೆಟ್ಟಿಗೂ ಒಳ್ಳೇದಲ್ಲ. ಹೊಲಿಗೆ ಮೆಷಿನ್ ಎಣ್ಣೆ ಕಮಟುವುದಿಲ್ಲ, ಅದನ್ನೇ ತೆಳ್ಳಗೆ ಸವರಿ.

ಪ್ರಶ್ನೆ: ಮಾಲೂರಿನಲ್ಲಿ ನಮ್ಮ ಸಲೂನ್ ಇದೆ. ಅಪ್ಪನ ಕಾಲದ ಕತ್ತಿಯನ್ನು ಸರಿ ಮಾಡಿಸಿದ್ದೇವೆ. ಗಿರಾಕಿಗಳಿಗೆ ಬಳಸಬಹುದಾ?

ಉತ್ತರ: ಬೇಡ. ಒಬ್ಬರ ಮುಖಕ್ಕೆ ಹಚ್ಚಿದ ಅಲಗಿನಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಥರದ ಕಾಯಿಲೆ ಹರಡಬಹುದು. ಸುಮ್ನೆ ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಅಂಗಡಿಗೆ ಬ್ಲೇಡ್ ಬದಲಿಸುವ ಕತ್ತಿಯೇ ಸರಿ. ಅಪ್ಪನ ಕತ್ತಿಯಲ್ಲಿ ನೀವೊಬ್ಬರೇ ಗಡ್ಡ ಮಾಡಿಕೊಳ್ಳುವುದಾದರೆ, ಮೊದಲು ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ಬಾಯಿಯ ಉದ್ದಕ್ಕೂ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ತುಕ್ಕಿನ ಗುಂಡಿ ಬಾಯಿಯ ತನಕ ಬಂದಿದ್ದರೂ ಮುಖಕ್ಕೆ ತಾಗಿಸಬೇಡಿ. ಅಂಥ ಕತ್ತಿಯನ್ನು ಎಣ್ಣೆ ಹಚ್ಚಿ, ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಡಿ.