ಈಕ್ವಟೋರಿಯಲ್ ಗಿನಿ: ಎಣ್ಣೆಯ ದುಡ್ಡು ಎಲ್ಲಿಗೆ ಹೋಯ್ತು?

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಈಕ್ವಟೋರಿಯಲ್ ಗಿನಿ ಅನ್ನೋ ದೇಶದ ಗ್ಯಾಸ್ ಘಟಕದಲ್ಲಿ ಕೆಲಸ ಸಿಕ್ಕಿದೆ. ಕೆಲವರು ಅದು ಆಫ್ರಿಕಾದ ಶ್ರೀಮಂತ ದೇಶ ಅಂತಾರೆ, ಇನ್ನು ಕೆಲವರು ಕಡುಬಡವರ ನಾಡು ಅಂತಾರೆ. ಯಾವುದನ್ನು ನಂಬೋದು?
- ಒಬ್ಬ ಓದುಗರು, ದಾವಣಗೆರೆ

ಉತ್ತರ: ಎರಡನ್ನೂ ನಂಬಿ. ದೇಶ ಚಿಕ್ಕದು, ಸುಮಾರು 28 ಸಾವಿರ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಏಳನೇ ಒಂದು ಭಾಗ. ಜನರೂ ಕಡಿಮೆ. ಪೆಟ್ರೋಲ್ ತೆಗೆಯುವ ಕಚ್ಚಾ ಎಣ್ಣೆಯಿಂದ ಬಂದ ದುಡ್ಡನ್ನು ಅಷ್ಟು ಜನರಿಗೆ ಭಾಗಿಸಿದರೆ ತಲಾ ಆದಾಯ ಜಾಸ್ತಿ ಕಾಣುತ್ತೆ. ಆದರೆ ಆ ದುಡ್ಡು ಜನರ ಕೈಗೆ ಬರಲೇ ಇಲ್ಲ.

ಮೊದಲು ಇದು ಸ್ಪೇನಿನ ವಸಾಹತು, ಕೋಕೋ ಬೆಳೆಯುವ ನಾಡು. 1968ರಲ್ಲಿ ಸ್ವಾತಂತ್ರ್ಯ ಬಂತು. ಮೊದಲ ಅಧ್ಯಕ್ಷ ಮಸಿಯಾಸ್ ಎಂಥ ಕ್ರೂರಿ ಅಂದರೆ ಜನ ಸಾವಿರಗಟ್ಟಲೆ ಊರು ಬಿಟ್ಟು ಓಡಿದರು. 1979ರಲ್ಲಿ ಅವನ ಸಂಬಂಧಿಯೇ ಆದ ಒಬಿಯಾಂಗ್ ದಂಗೆ ಎದ್ದು ಅಧಿಕಾರ ಹಿಡಿದು ಅವನನ್ನು ಕೊಲ್ಲಿಸಿದರು, ಆಮೇಲೆ ಇಳಿದೇ ಇಲ್ಲ. 1995ರಲ್ಲಿ ಅದೇ ದೇಶದ ಬಿಯೋಕೊ ದ್ವೀಪದ ಹತ್ತಿರ, ಸಮುದ್ರದಡಿ ಜಾಫಿರೊ ಅನ್ನೋ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತು. ಅಲ್ಲಿಂದ ದುಡ್ಡು ಹರಿಯತೊಡಗಿತು.

ಹರಿದದ್ದು ಎಲ್ಲಿಗೆ? ಅಧ್ಯಕ್ಷರ ಮಗನೇ ಉಪಾಧ್ಯಕ್ಷ. ಆ ಮಗನಿಗೆ ಪ್ಯಾರಿಸ್‌ನಲ್ಲಿ ನೂರಕ್ಕೂ ಹೆಚ್ಚು ಕೋಣೆಗಳ ಬಂಗಲೆ ಇತ್ತು. ಕದ್ದ ಸರ್ಕಾರಿ ಹಣದಿಂದ ಕೊಂಡದ್ದು ಅಂತ ಫ್ರಾನ್ಸಿನ ಕೋರ್ಟು ಅದನ್ನು ಮುಟ್ಟುಗೋಲು ಹಾಕಿತು. ಅಮೆರಿಕದ ಮಾಲಿಬುವಿನ ಬಂಗಲೆಯನ್ನೂ ಅವರು ಬಿಟ್ಟುಕೊಡಬೇಕಾಯಿತು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲು 2021ರಲ್ಲಿ ಕೋವಿಡ್ ಲಸಿಕೆ, ಔಷಧಿಗಾಗಿ ಅದೇ ದೇಶದ ಜನರಿಗೆ ಮೀಸಲಾಯಿತು. ಜನರ ದುಡ್ಡು ಜನರಿಗೆ ಮುಟ್ಟೋಕೆ ವಿದೇಶದ ಕೋರ್ಟುಗಳೇ ಬೇಕಾಯ್ತಲ್ಲ, ನನಗೆ ತುಂಬಾ ಬೇಸರ ತರುವ ಸಂಗತಿ ಇದು. ಅದೇ ವರ್ಷ ಮಾರ್ಚ್‌ನಲ್ಲಿ ಆ ದೇಶದ ಬಾಟಾ ನಗರದ ಸೇನಾ ಶಿಬಿರದಲ್ಲಿ ಇಟ್ಟಿದ್ದ ಸ್ಫೋಟಕ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಜನ ವಾಸವಿರುವ ಕಡೆ ಅದನ್ನು ಯಾಕೆ ಇಟ್ಟಿದ್ದರು ಅಂತ ಕೇಳೋರೇ ಇರಲಿಲ್ವಾ?

ಈಗ ನಿಮ್ಮ ಹುಡುಗನ ವಿಷಯ. ಅಲ್ಲಿ ಇಂಗ್ಲಿಷ್ ನಡೆಯೋದು ಕಡಿಮೆ, ಸ್ಪ್ಯಾನಿಷ್ ಸ್ವಲ್ಪ ಕಲಿತುಕೊಂಡು ಹೋಗಲಿ. ಮಲೇರಿಯಾ ಇದೆ, ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಲಿ. ಸರ್ಕಾರದ ವಿಷಯ ಯಾರ ಹತ್ತಿರವೂ ಮಾತಾಡದಿರೋದೇ ಒಳ್ಳೇದು. ಇನ್ನೊಂದು ಮಾತು. ಹಳೇ ಬಾವಿಗಳು ಬತ್ತುತ್ತಿವೆ, ಎಣ್ಣೆ ಉತ್ಪಾದನೆ ಇಪ್ಪತ್ತು ವರ್ಷದ ಹಿಂದೆ ಇದ್ದದ್ದರ ಅರ್ಧವೂ ಇಲ್ಲ, ಅಮೆರಿಕದ ದೊಡ್ಡ ಎಣ್ಣೆ ಕಂಪನಿ ಎಕ್ಸಾನ್‌ಮೊಬಿಲ್ 2024ರಲ್ಲಿ ಅಲ್ಲಿಂದ ಹೊರಟೇ ಹೋಯಿತು. ಹಾಗಾಗಿ ಒಪ್ಪಂದ ಎಷ್ಟು ವರ್ಷದ್ದು, ಮಧ್ಯದಲ್ಲಿ ಕೆಲಸ ನಿಂತರೆ ವಾಪಸ್ ಟಿಕೆಟ್ ಯಾರು ಕೊಡ್ತಾರೆ ಅನ್ನೋದನ್ನು ಸಹಿ ಹಾಕೋ ಮೊದಲೇ ಬರವಣಿಗೆಯಲ್ಲಿ ತಗೊಳ್ಳಲಿ.